ಯಜಮಾನ ಯಾರು?

ಪುತ್ತೂರಿನ ಪೇಟೆಯಲ್ಲಿ ನಡೆಯುವಾಗ ಅಂಗಡಿಗಳ ಬೋರ್ಡು ಓದುವುದು ನನ್ನ ಹಳೆಯ ಚಟ. ದೇವರ ಹೆಸರುಂಟು, ಮಗಳ ಹೆಸರುಂಟು, 2017ರಿಂದೀಚೆಗೆ ಜಿ.ಎಸ್.ಟಿ. ಸಂಖ್ಯೆಯೂ ಬಂದು ಕುಳಿತಿದೆ. ಅಪರೂಪವಾಗಿ ಕಾಣುವುದು ಒಂದೇ: ಯಜಮಾನನ ಹೆಸರು.

ಈ ‘ಯಜಮಾನ’ ಎಂಬ ಪದ ಸ್ವಾರಸ್ಯವಾದುದು. ಯಜ್ಞದಲ್ಲಿ ಮಂತ್ರ ಹೇಳಿ ದುಡಿಯುವವರು ಋತ್ವಿಜರು. ಫಲ ಯಾರಿಗೆ ಸಲ್ಲುವುದೋ ಅವನು ಯಜಮಾನ. ಪರರಿಗಾಗಿ ಯಜಿಸಿದರೆ ‘ಯಜತಿ’, ತನಗಾಗಿ ಯಜಿಸಿದರೆ ‘ಯಜತೇ’ ಎಂದು ವ್ಯಾಕರಣವೂ ಈ ಭೇದವನ್ನು ಕಾದಿರಿಸಿದೆ. ನಮ್ಮ ಕಂಪೆನಿ ಕಾಯಿದೆಯ 90ನೆಯ ಕಲಮು ಕೇಳುವುದೂ ಇದನ್ನೇ: ಷೇರು ಯಾರ ಹೆಸರಿನಲ್ಲಿಯೇ ಇರಲಿ, ಫಲ ಯಾರಿಗೆ?

2019ರಲ್ಲಿ ತಿದ್ದಿದ ನಿಯಮಗಳಂತೆ, ಬೇರೊಂದು ಸಂಸ್ಥೆಯ ಮೂಲಕ ಕಂಪೆನಿಯಲ್ಲಿ ಶೇಕಡಾ 10ಕ್ಕೆ ಕಡಮೆಯಿಲ್ಲದ ಪಾಲುಳ್ಳವನು ತನ್ನ ಹೆಸರನ್ನು ಪ್ರಕಟಿಸಬೇಕು. ಕಂಪೆನಿಯು 30 ದಿನಗಳೊಳಗೆ ರಿಜಿಸ್ಟ್ರಾರರಿಗೆ ತಿಳಿಸಬೇಕು. ತಪ್ಪಿದರೆ ಕಂಪೆನಿಗೆ 1 ಲಕ್ಷ ರೂಪಾಯಿಯ ದಂಡ. ಸಣ್ಣ ಕಂಪೆನಿಗೆ ಅದರ ಅರ್ಧಕ್ಕೆ ಮೀರದು. ಷೇರು ಹೊಂದಿದ್ದು ಅವಿಭಕ್ತ ಕುಟುಂಬವಾದರೆ ಕಾನೂನು ಕರ್ತನನ್ನೇ, ಅಂದರೆ ಮನೆಯ ಯಜಮಾನನನ್ನೇ, ಹಿಡಿದು ಕೇಳುತ್ತದೆ.

ಕಡಬದ ಒಬ್ಬೊಂಟಿ ಅಂಗಡಿಯವರಿಗಾಗಲಿ, ಸಾಮಾನ್ಯ ಪಾಲುದಾರಿಕೆಗಾಗಲಿ ಈ ಕಲಮು ತಟ್ಟದು. ತಮ್ಮ ಷೇರನ್ನು ತಮ್ಮ ಹೆಸರಿನಲ್ಲಿಯೇ ಇಟ್ಟುಕೊಂಡವರೂ ನಿಶ್ಚಿಂತರು. ಆದರೆ ಸಣ್ಣ ವ್ಯಾಪಾರಕ್ಕೆ ನಿಜವಾದ ಅಪಾಯ ಸರಕಾರದ ಪ್ರಶ್ನೆಯಿಂದಲ್ಲ, ಮನೆಯೊಳಗಿನ ಮೌನದಿಂದ.

ಸುಳ್ಯದಲ್ಲೊಂದು ಅಡಿಕೆ ಮಂಡಿಯನ್ನು ಕಲ್ಪಿಸಿಕೊಳ್ಳಿ. ಲೈಸನ್ಸು ಅಣ್ಣನದು, ಬಂಡವಾಳ, ಮುಂಬಯಿಯ ಹೋಟೆಲಿನಲ್ಲಿ ದುಡಿದ ತಮ್ಮನದು, ತಂಗಿಯ ಬಳೆಗಳೂ ಅದರಲ್ಲಿ ಕರಗಿವೆ. ಅಣ್ಣನಿರುವ ತನಕ ಮಾತೇ ಪತ್ರ. ಅವನು ಕಣ್ಮುಚ್ಚಿದ ಮೇಲೆ ಮಕ್ಕಳು ಕಡತ ಬಿಚ್ಚುತ್ತಾರೆ. ಅಲ್ಲಿ ಚಿಕ್ಕಪ್ಪನೂ ಇಲ್ಲ, ಅತ್ತೆಯೂ ಇಲ್ಲ. ನೋಂದಣಿಯಾಗದ ಪಾಲುದಾರಿಕೆಯ ಕರಾರನ್ನು ಹಿಡಿದು ದಾವೆ ಹೂಡಲು 1932ರ ಪಾಲುದಾರಿಕೆ ಕಾಯಿದೆ ಅಡ್ಡ ನಿಲ್ಲುತ್ತದೆ. ಮುಚ್ಚಿದ ವ್ಯಾಪಾರದ ಲೆಕ್ಕ ಕೇಳುವುದಕ್ಕಷ್ಟೇ ದಾರಿಯುಂಟು. ‘ಹಣ ನನ್ನದು, ಕಟ್ಟಡ ಮಾತ್ರ ಅಣ್ಣನ ಹೆಸರಿನದು’ ಎಂದರೆ 1988ರ ಬೇನಾಮಿ ಕಾಯಿದೆ ಎದುರಾದೀತು. ಪಾರಸಿಯಲ್ಲಿ ‘ಬೇನಾಮ್’ ಎಂದರೆ ಹೆಸರಿಲ್ಲದ್ದು. ಪ್ರೀತಿಯಿಂದ ಕೊಟ್ಟವರೇ ಕೊನೆಗೆ ಹೆಸರಿಲ್ಲದವರಾಗುತ್ತಾರೆ.

ಸರಕಾರಕ್ಕೂ ಒಂದು ಮಾತು. ಹೆಸರು ಕೇಳುವುದು ನ್ಯಾಯವೇ. ಆದರೆ ಕೇಳುವ ನಮೂನೆಯು ಅಂಗಡಿಯವನಿಗೆ ಅರ್ಥವಾಗುವ ಕನ್ನಡದಲ್ಲಿರಬೇಡವೆ? ಒಂದು ಹೆಸರು ಬರೆಯಲು ಲೆಕ್ಕಪರಿಶೋಧಕರ ಶುಲ್ಕ ತೆರಬೇಕಾದರೆ ಪ್ರಾಮಾಣಿಕತೆ ದುಬಾರಿಯಾದೀತು.

ದೀಪಾವಳಿಯ ಅಂಗಡಿಪೂಜೆಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ‘ಶ್ರೀ’ ಬರೆಯುವ ಮುನ್ನ ಅಣ್ಣತಮ್ಮಂದಿರು, ಅಕ್ಕತಂಗಿಯರು ಒಟ್ಟಿಗೆ ಕುಳಿತು ಪಾಲುಪತ್ರ ಬರೆದು ನೋಂದಾಯಿಸಲಿ. ಬೋರ್ಡಿನ ಮೇಲೆ ದೇವರ ಹೆಸರೇ ಇರಲಿ, ಚೆಂದ. ಪತ್ರದೊಳಗೆ ಮಾತ್ರ ಮನುಷ್ಯರ ಹೆಸರಿರಬೇಕು.