ಪಾಸಿಂಗ್ ಪ್ಯಾಕೇಜ್ ಇಲ್ಲದ ಕಿಕ್ಕು

ನಮ್ಮ ಕಾಲೇಜ್ ಗ್ರೌಂಡಿನ ಒಂದು ಮೂಲಿ, ದಿನಾ ಅರ್ಧ ತಾಸು, 'ಪಂಟ್' ಕಲಿಯೋರಿಗೆ ಬಿಟ್ಟುಕೊಡಬೇಕು. ಇದು ನನ್ನ ವಾದ. ನಗಬ್ಯಾಡ್ರಿ. ಅಮೆರಿಕನ್ ಫುಟ್‌ಬಾಲಿಗೆ ನಮ್ಮಲ್ಲಿ ಟೀಮಿಲ್ಲ, ಕೋಚಿಲ್ಲ ಅಂತೀರಿ. ಹೌದು, ಇಲ್ಲ. ಅದಕ್ಕೇ ಕಲೀಬೇಕು ಅಂತ ನಾ ಹೇಳಾಕತ್ತೀನಿ.

ಮೊದಲು ಪಂಟ್ ಅಂದ್ರೇನು ನೋಡೋಣ. ಈ ಆಟದಲ್ಲಿ ಹತ್ತು ಗಜ ಮುಂದೆ ಹೋಗಲು ತಂಡಕ್ಕೆ ನಾಲ್ಕು ಅವಕಾಶ. ಮೂರರಲ್ಲಿ ಆಗದಿದ್ದರೆ ನಾಲ್ಕನೆಯದಕ್ಕೆ ಸಾಮಾನ್ಯವಾಗಿ ಪಂಟರ್ ಬರುತ್ತಾನೆ. ಕೈಯಿಂದ ಬಿಟ್ಟ ಚೆಂಡನ್ನು ನೆಲ ಮುಟ್ಟುವ ಮೊದಲೇ ಒದ್ದು, ಎದುರಾಳಿ ಎಷ್ಟು ಸಾಧ್ಯವೋ ಅಷ್ಟು ಹಿಂದಿನಿಂದ ಆಟ ಶುರು ಮಾಡುವಂತೆ ಮಾಡುತ್ತಾನೆ. ನಮ್ಮ ಫುಟ್‌ಬಾಲಿನ ಗೋಲ್‌ಕೀಪರ್ ಕೈಯಿಂದ ಬಿಟ್ಟು ಒದೀತಾನಲ್ಲ, ಹಂಗ. ಆದರೆ ಈ ಚೆಂಡಿಗೆ ಎರಡೂ ತುದಿ ಚೂಪು. ಕಾಲಿಗೆ ಸ್ವಲ್ಪ ಸೊಟ್ಟ ಬಿದ್ದರೂ ಎತ್ತೆತ್ತಲೋ ಹೋಗ್ತದ.

ಇನ್ನು ಲೆಕ್ಕ. ಗಾಳಿಯ ಎಳೆತ ಬಿಟ್ಟು ನೋಡ್ರಿ. ಒದ್ದ ಜಾಗದಿಂದ 45 ಗಜ, ಅಂದರೆ 41 ಮೀಟರ್ ದೂರ ಬೀಳಬೇಕು. 45 ಡಿಗ್ರಿ ಕೋನದಲ್ಲಿ ಒದ್ದರೆ ಚೆಂಡು ಗಾಳಿಯಲ್ಲಿರುವುದು ಸುಮಾರು 2.9 ಸೆಕೆಂಡ್. ಅಷ್ಟರಾಗ ನಮ್ಮವರು ಓಡಿ ಹೋಗಿ ಚೆಂಡು ಹಿಡಿಯೋನ್ನ ಹೆಂಗ ತಡೀಬೇಕು? ಅದಕ್ಕೆ ಒಳ್ಳೆಯ ಪಂಟರ್ 4.5 ಸೆಕೆಂಡ್ ತೇಲಿಸಲು ನೋಡುತ್ತಾನೆ. ಆಗ ಚೆಂಡು ಸುಮಾರು 25 ಮೀಟರ್ ಮೇಲೇರಬೇಕು, ಅಂದರೆ ನಮ್ಮ ಗೋಲ್ ಗುಂಬಜಿನ ಅರ್ಧದಷ್ಟು! 45 ಡಿಗ್ರಿಗೆ ಗರಿಷ್ಠ ದೂರ ಅಂತ ಪಿಯುಸಿಯಿಂದ ಬರಕೋತ ಬಂದೀವಿ. ಆದರೆ ದೂರ ಒಂದೇ ಸಾಲದು, ಸಮಯವೂ ಬೇಕು ಅನ್ನೋ ಪ್ರಶ್ನೆ ಪೇಪರಿನಾಗ ಬರಲಿಲ್ಲ.

ಕಲಿಯೋದು ಕೈಯಿಂದ ಶುರು, ಕಾಲಿಂದಲ್ಲ. ಚೆಂಡನ್ನು ತಿರುಗಿಸದೆ, ಎತ್ತಿ ಹಾಕದೆ, ಮಟ್ಟಸವಾಗಿ ಬಿಡಬೇಕು. ಒದೆಯದೇ ಬರೀ ಬಿಡೋದನ್ನೇ ಐವತ್ತು ಸಲ ಮಾಡ್ರಿ. ಆಮ್ಯಾಲೆ ಎರಡು ಹೆಜ್ಜೆ, ಕಾಲ್ಬೆರಳು ಕೆಳಕ್ಕೆ ಚಾಚಿ ಕೀಲು ಬಿಗಿ, ಪಾದದ ಮೇಲಿನ ಗಟ್ಟಿ ಎಲುಬಿಗೆ ಚೆಂಡು. ಮೊಬೈಲಿನಲ್ಲಿ ಸ್ಲೋ ಮೋಷನ್ ಹಾಕಿದರೆ ತಪ್ಪು ಎಲ್ಲಿ ಅಂತ ಕಾಣ್ತದ. ತಿಕೋಟಾ, ಬಬಲೇಶ್ವರದಿಂದ ಬಸ್ಸಿಗೆ ಓಡಾಡೋರು ಊರಿನ ಶಾಲಿ ಮೈದಾನದಾಗ ಮಾಡಬಹುದು. ಜೋಳ ಕಿತ್ತ ಎರಿ ಹೊಲ ಮಾತ್ರ ಬ್ಯಾಡ, ಬಿರುಕಿನಾಗ ಪಾದ ಸಿಕ್ಕರೆ ಮುಗೀತು.

"ಇದರಿಂದ ಪ್ಲೇಸ್‌ಮೆಂಟ್ ಆಗ್ತದೇನು?" ಇಲ್ಲ. ಆದರೂ ಒಂದು ಮಾತು ಕೇಳ್ರಿ. ಆಸ್ಟ್ರೇಲಿಯಾದ ನೇಥನ್ ಚ್ಯಾಪ್‌ಮನ್ 2007ರಲ್ಲಿ ಪ್ರೋಕಿಕ್ ಆಸ್ಟ್ರೇಲಿಯಾ ಶುರು ಮಾಡಿದರು. ಅಲ್ಲಿನ ಹುಡುಗರು ಅಮೆರಿಕನ್ ಫುಟ್‌ಬಾಲ್ ಆಡಿ ಬೆಳೆದವರಲ್ಲ. ತಮ್ಮೂರಿನ ಆಟದಲ್ಲಿ ಕಲಿತ ಒದೆಯನ್ನೇ ತಿದ್ದಿಕೊಂಡು ಅಮೆರಿಕದ ಕಾಲೇಜುಗಳಿಗೆ ಹೋದರು. ಅವರಲ್ಲೊಬ್ಬ ಮೈಕಲ್ ಡಿಕ್ಸನ್ 2018ರಲ್ಲಿ ಎನ್‌ಎಫ್‌ಎಲ್ ಸೇರಿದ. ನಮ್ಮ ವಿಜಯಪುರಕ್ಕೆ ಸೈಕ್ಲಿಂಗಿನ ಹೆಸರು ಬಂದದ್ದೂ ವೆಲೋಡ್ರೋಮ್ ಕಟ್ಟಿದ ಮೇಲಲ್ಲ, ಡಾಂಬರ್ ರಸ್ತೆಯ ಮೇಲೆ ತುಳಿದು ತುಳಿದು. ಸೌಲಭ್ಯ ಬಂದ ಮೇಲೆ ಕಲೀತೀವಿ ಅನ್ನೋರು ಕುಂತೇ ಇರ್ತಾರ.

ನನಗ ನಿಜವಾಗಿ ಚಿಂತಿ ಇರೋದು ಇದರ ಬಗ್ಗೆ. ನಾಲ್ಕು ವರ್ಷ ನಾವು ಕಲಿಯೋದೆಲ್ಲ ಪಾಸಿಂಗ್ ಪ್ಯಾಕೇಜ್, ಹಳೇ ಪ್ರಶ್ನೆಪತ್ರಿಕೆ, ಸೀನಿಯರ್ ಕೊಟ್ಟ ರೆಕಾರ್ಡ್ ಬುಕ್ಕಿನಿಂದ. ಉತ್ತರ ಮೊದಲೇ ಕೈಯಾಗ ಇರ್ತದ. ಯಾರೂ ಹೇಳಿಕೊಡದ ಒಂದು ಕೆಲಸವನ್ನು ನಾವೇ ಮಾಡಿ, ಕೆಡಿಸಿ, ಅಳೆದು, ತಿದ್ದೋ ಅಭ್ಯಾಸನೇ ಇಲ್ಲ. ಡಿಗ್ರಿ ಮುಗಿಸಿ ಹೊರಗೆ ಹೋದ ಮೇಲೆ ಕೇಳೋದು ಅದನ್ನೇ. ಪಂಟ್‌ಗೆ ಹನ್ನೊಂದು ಮಂದಿ ಬೇಕಿಲ್ಲ, ಒಬ್ಬರಿದ್ದರೂ ಸಾಕು. ಕ್ರಿಕೆಟ್ ಟೀಮಿನವರು ಬಿಟ್ಟ ಮೇಲೆ ಗ್ರೌಂಡಿಗೆ ಕಾಯೋ ಹುಡುಗಿಯರೂ ಇವತ್ತೇ ಶುರು ಮಾಡಬಹುದು.

ಸ್ಪೋರ್ಟ್ಸ್ ಸರ್‌ಗೆ ನಮ್ಮ ವಿನಂತಿ ಇಷ್ಟೇ: ಒಂದು ಮೂಲಿ, ಎರಡು ಚೆಂಡು, ಒಂದು ಅಳತೆ ಟೇಪು. ಮೊದಲ ವಾರ ಚೆಂಡು ಹತ್ತು ಮೀಟರಿಗೇ ಬಿದ್ದರೂ ಚಿಂತಿಲ್ಲ, ಬರೆದಿಡೋಣ. ಎರಡನೇ ವಾರ ಅದಕ್ಕಿಂತ ಒಂದು ಮೀಟರ್ ಮುಂದ ಹೋಯ್ತು ಅಂದ್ರ, ಅದು ನಾವೇ ಕಲಿತದ್ದು.