ಪದವೀಧರನೂ ಆರೋಗ್ಯ ವಿಮೆಯೂ

ಪದವಿ ಮುಗಿಸಿ ಕೆಲಸಕ್ಕೆ ಸೇರಿದ ತರುಣನನ್ನು ಬಂಧುಗಳು ಮೊದಲು ಕೇಳುವುದು, "ಸಂಬಳವೆಷ್ಟು?" ಎಂದು. ಕಾಯಿಲೆ ಬಿದ್ದರೆ ಗತಿಯೇನೆಂದು ಕೇಳುವವರು ವಿರಳ. ಕಳೆದ ವರ್ಷದವರೆಗೆ ನಾನೂ ಕೇಳಿದವನಲ್ಲ.

ನನ್ನ ಅಣ್ಣ ಇದೇ ಕಾಲೇಜಿನ ಬಿ.ಎ. ಪದವೀಧರ. ಬೆಂಗಳೂರಿನಲ್ಲಿ ಅವನಿಗೆ ಮೊದಲು ಸಿಕ್ಕಿದ್ದು 18,000 ರೂಪಾಯಿಯ ಕೆಲಸ. ಅದರಲ್ಲಿ ಇ.ಎಸ್.ಐ.ಗೆಂದು ಶೇಕಡಾ 0.75, ಅಂದರೆ 135 ರೂಪಾಯಿ, ಕಡಿತವಾಗುತ್ತಿತ್ತು; ಮಾಲೀಕರ ಪಾಲು ಶೇಕಡಾ 3.25, ಎಂದರೆ 585 ರೂಪಾಯಿ. ಇಷ್ಟರಲ್ಲಿ ಅವನ ಚಿಕಿತ್ಸೆಯ ಚಿಂತೆ ತೀರಿತ್ತು. ಆಸ್ಪತ್ರೆಯಲ್ಲಿ ಸಾಲು ಬಹಳ ಉದ್ದವೆಂದು ಗೊಣಗುತ್ತಿದ್ದ, ಅಷ್ಟೆ.

ಆಮೇಲೆ ಸಂಬಳ 22,000ಕ್ಕೆ ಏರಿತು. ಮನೆಯಲ್ಲಿ ಹೋಳಿಗೆ ಮಾಡಿದೆವು. ಇ.ಎಸ್.ಐ.ಗೆ 2017ರ ಜನವರಿಯಲ್ಲಿ ನಿಗದಿಯಾದ ಮಿತಿ 21,000 ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಕೆಲವು ತಿಂಗಳಲ್ಲಿ ಆ ರಕ್ಷಣೆ ನಿಂತಿತು. ಮರುವರ್ಷ ಒಂದು ರಾತ್ರಿ ಅಣ್ಣನಿಗೆ ಅಪೆಂಡಿಕ್ಸ್ ನೋವು ಬಂದು, ಹತ್ತಿರದ ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ನಮ್ಮದು ಎ.ಪಿ.ಎಲ್. ಕಾರ್ಡು, ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥವರಿಗೆ ಸರ್ಕಾರ ಭರಿಸುವುದು ನಿಗದಿತ ದರದ ಶೇಕಡಾ 30 ಮಾತ್ರ. ಆ ರಾತ್ರಿ ಅದನ್ನು ವಿಚಾರಿಸುವ ವ್ಯವಧಾನವೂ ಇರಲಿಲ್ಲ. ಅಮ್ಮನ ಬಳೆಗಳು ಬ್ಯಾಂಕಿಗೆ ಹೋದವು.

ಸಾವಿರ ರೂಪಾಯಿ ಮಿತಿ ಮೀರಿದವನು ಶ್ರೀಮಂತನಾದನೆಂದು ಭಾವಿಸುವುದು ನ್ಯಾಯವೇ? ಊಟ, ಬಾಡಿಗೆ, ಊರಿಗೆ ಕಳಿಸುವ ಹಣ ಕಳೆದರೆ ಅವನ ಕೈಯಲ್ಲಿ ಉಳಿಯುವುದೆಷ್ಟು? ಮಿತಿಯನ್ನು ಏರಿಸಬೇಕು, ಆಗದಿದ್ದರೆ ಎರಡೂ ಪಾಲನ್ನು ನೌಕರನೇ ಕಟ್ಟಿ ಮುಂದುವರಿಯಲು ಅವಕಾಶ ಕೊಡಬೇಕೆಂಬುದು ನನ್ನ ಮತ. 22,000ಕ್ಕೆ ಅದು 880 ರೂಪಾಯಿ. ಅಣ್ಣ ಸಂತೋಷದಿಂದ ಕಟ್ಟುತ್ತಿದ್ದ.

ಅಲ್ಲಿಯವರೆಗೆ ಖಾಸಗಿ ಪಾಲಿಸಿಯೇ ಗತಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇಕಡಾ 18 ಜಿ.ಎಸ್.ಟಿ. ರದ್ದಾಗಿರುವುದು ಸ್ವಲ್ಪ ಸಮಾಧಾನ. ಆದರೆ ಮೊದಲೇ ಇರುವ ಕಾಯಿಲೆಗೆ 36 ತಿಂಗಳವರೆಗೂ ಕಾಯಿಸಬಹುದು. ಆದುದರಿಂದ ಮೈ ಗಟ್ಟಿಯಾಗಿರುವಾಗಲೇ ಕೊಳ್ಳಬೇಕು; ಕೊಳ್ಳಲು ಮನಸ್ಸು ಒಪ್ಪದಿರುವುದೂ ಆಗಲೇ! ಮೊದಲ ಕೆಲಸಕ್ಕೆ ಹೊರಟ ಮಿತ್ರರು ಸಂಬಳದ ಜೊತೆಗೆ ಇ.ಎಸ್.ಐ. ಇದೆಯೇ, ಇಲ್ಲದಿದ್ದರೆ ಗುಂಪು ವಿಮೆಯಾದರೂ ಉಂಟೇ ಎಂದು ಸಂಕೋಚವಿಲ್ಲದೆ ಕೇಳಲಿ.

ಅಣ್ಣ ಈಚೆಗೆ ಪಾಲಿಸಿ ಮಾಡಿಸಿದ್ದಾನೆ. ಬಳೆಗಳನ್ನು ಇನ್ನೂ ಬಿಡಿಸಿಕೊಂಡಿಲ್ಲ.