ಆಕಾಶದ ಎತ್ತಿಗೆ ಮೂಗುದಾರ ಯಾರ ಕೈಲಿ?



ಹಳ್ಳಿಗೆ ಡ್ರೋನ್ ಬಂದಿದೆ. ಕೃಷಿ ಮೇಳಗಳಲ್ಲಿ ಹಾರಿಸಿ ತೋರಿಸುತ್ತಾರೆ, ಮಂತ್ರಿಗಳು ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಇನ್ನು ರೈತನ ಕಷ್ಟವೆಲ್ಲ ಗಾಳಿಯಲ್ಲಿ ಹಾರಿಹೋಯಿತು ಅಂತ ಭಾಷಣ ಬಿಗಿಯುತ್ತಾರೆ. ಎದ್ದು ನಿಂತು ಒಂದು ಪ್ರಶ್ನೆ ಕೇಳಿದರೆ, ‘ಯಂತ್ರದ ವಿರೋಧಿ’ ಅನ್ನೋ ಪಟ್ಟ ಸಿದ್ಧವಾಗಿರುತ್ತದೆ. ಸ್ವಾಮಿ, ಪಂಪ್‌ಸೆಟ್ ಬೇಡ ಅಂದವರು ನಾವಲ್ಲ. ಟ್ರ್ಯಾಕ್ಟರ್ ಬೇಡ ಅಂದವರೂ ನಾವಲ್ಲ. ಎರಡನ್ನೂ ಸಾಲ ಮಾಡಿ ತಂದವರು ನಾವೇ. ಯಂತ್ರಕ್ಕೆ ತುಕ್ಕು ಹಿಡಿಯಿತು, ಸಾಲಕ್ಕೆ ಮಾತ್ರ ತುಕ್ಕು ಹಿಡಿಯಲಿಲ್ಲ. ಆದ್ದರಿಂದ ಹೊಸ ಯಂತ್ರ ಬಂದಾಗ ರೈತ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಇದರ ಮೂಗುದಾರ ಯಾರ ಕೈಲಿದೆ?

ಯಂತ್ರದ ಒಳಗುಟ್ಟನ್ನು ಮೊದಲು ತಿಳಿಯೋಣ. ಔಷಧಿ ಹೊಡೆಯುವ ಡ್ರೋನಿಗೆ ಫ್ಯಾನಿನಂಥ ನಾಲ್ಕೋ ಆರೋ ರೆಕ್ಕೆಗಳು. ಒಂದು ಕಡೆಯ ರೆಕ್ಕೆ ಜೋರಾಗಿ ತಿರುಗಿ ಇನ್ನೊಂದು ಕಡೆಯದು ನಿಧಾನವಾದರೆ, ನಿಧಾನವಾದ ಕಡೆಗೆ ವಾಲಿ ಅತ್ತಲೇ ಸಾಗುತ್ತದೆ. ಈ ತೂಗಿಸುವ ಕೆಲಸವನ್ನು ನಡುವೆ ಕೂತ ಪುಟ್ಟ ಕಂಪ್ಯೂಟರ್ ಸೆಕೆಂಡಿಗೆ ನೂರಾರು ಸಲ ಮಾಡುತ್ತದೆ. ತಾನೆಲ್ಲಿದ್ದೇನೆ ಅನ್ನುವುದನ್ನು ಉಪಗ್ರಹದ ಸಂಕೇತದಿಂದ ತಿಳಿಯುತ್ತದೆ. ಕೆಳಗೆ ನಿಂತವನು ಮೊಬೈಲಿನ ನಕ್ಷೆಯಲ್ಲಿ ಹೊಲದ ಮೂಲೆಗಳನ್ನು ಗುರುತು ಮಾಡಿದರೆ ಸಾಕು, ಉತ್ತ ಹಾಗೆ ಸಾಲು ಸಾಲಾಗಿ ಹೋಗಿ ಬರುತ್ತದೆ. ಬ್ಯಾಟರಿ ಇಳಿದರೆ, ರಿಮೋಟಿನ ಸಂಪರ್ಕ ತಪ್ಪಿದರೆ, ಹೊರಟ ಜಾಗಕ್ಕೇ ಮರಳಬೇಕೆಂದು ಮೊದಲೇ ಹೇಳಿಕೊಟ್ಟಿರುತ್ತಾರೆ. ಅಂದರೆ ಮೂಗುದಾರ ಇರುವುದು ರಿಮೋಟ್ ಹಿಡಿದು ಬದುವಿನ ಮೇಲೆ ನಿಂತ ಹುಡುಗನ ಕೈಲಲ್ಲ, ಗೆರೆ ಎಳೆದವನ ಕೈಲಿ. ಹೊಲದ ಗಡಿ, ಹಾರಿದ ದಾರಿ, ಸುರಿದ ಔಷಧಿಯ ಲೆಕ್ಕ, ತೆಗೆದ ಚಿತ್ರ ಇವೆಲ್ಲ ಯಾರ ಕಂಪ್ಯೂಟರಿನಲ್ಲಿ ಹೋಗಿ ಕೂರುತ್ತವೋ ಅವನೇ ಒಡೆಯ.

ಈ ಮೂಗುದಾರ ಎಷ್ಟು ಉದ್ದ ಅಂತ ತಿಳಿಯಲು ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಡಿ.ಆರ್.ಡಿ.ಓ. ತಯಾರಿಸಿದ ‘ತಪಸ್’ ಎಂಬ ಮಾನವರಹಿತ ವಿಮಾನ 2023ರ ಜೂನ್ 16ರಂದು ಚಳ್ಳಕೆರೆ ತಾಲ್ಲೂಕಿನ ಪರೀಕ್ಷಾ ಕೇಂದ್ರದಿಂದ ಮೇಲೆದ್ದಿತು. ಮೂರೂವರೆ ಗಂಟೆಯ ಹಾರಾಟದ ನಡುವೆ 40 ನಿಮಿಷ ಅದರ ಹತೋಟಿಯನ್ನು ವಹಿಸಿಕೊಂಡದ್ದು, ಕಾರವಾರದಿಂದ 148 ಕಿಲೋಮೀಟರ್ ಆಚೆ ಸಮುದ್ರದಲ್ಲಿದ್ದ ಐ.ಎನ್.ಎಸ್. ಸುಭದ್ರಾ ಹಡಗು. ವಿಮಾನ ನೆಲಕ್ಕೆ ಇಳಿಯಲಿಲ್ಲ, ಆಕಾಶದಲ್ಲೇ ಕೈ ಬದಲಾಯಿತು. ಎಂಜಿನಿಯರುಗಳಿಗೆ ಇದು ಹೆಮ್ಮೆಯ ವಿಷಯ, ಒಪ್ಪೋಣ. ಆದರೆ ರೈತನಾದವನಿಗೆ ಇದರಲ್ಲಿ ಬೇರೆ ಪಾಠವಿದೆ. ವಸ್ತು ಕದಲದೆಯೇ ಅದರ ಹಿಡಿತ ಕೈ ಬದಲಾಗಬಹುದು.

ಆ ವಿಮಾನ ಎದ್ದ ನೆಲದ ಕಥೆಯನ್ನೂ ಕೇಳಿ. ಅದು ಅಮೃತಮಹಲ್ ಕಾವಲು. ತಲೆತಲಾಂತರದಿಂದ ದನ, ಕುರಿ ಮೇಯ್ದ ಹುಲ್ಲುಗಾವಲು. ಅದರ ಸಾವಿರಾರು ಎಕರೆ ಡಿ.ಆರ್.ಡಿ.ಓ., ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕುರಿ ಕಾಯುವವರಿಗೆ, ಕಂಬಳಿ ನೇಯುವವರಿಗೆ ಯಾರೂ ಹೇಳಲಿಲ್ಲ, ಕೇಳಲಿಲ್ಲ. ಅನೇಕರಿಗೆ ಸುದ್ದಿ ಮುಟ್ಟಿದ್ದೇ ಗೋಡೆ ಎದ್ದ ಮೇಲೆ. 2019ರ ಸೆಪ್ಟೆಂಬರ್ 17ರಂದು ಇದೇ ತಪಸ್ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿತ್ತು. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಮತ್ತೆ ಬಿತ್ತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ದೇಶದ ರಕ್ಷಣೆಗೆ ವಿಮಾನ ಬೇಡವೆಂದು ಯಾರೂ ಹೇಳುತ್ತಿಲ್ಲ. ಕಾವಲು ಕೊಟ್ಟವರೂ ಹಳ್ಳಿಯವರೇ, ವಿಮಾನ ಬೀಳುವುದೂ ಹಳ್ಳಿಯವರ ಹೊಲಕ್ಕೇ, ಆದರೆ ಒಂದು ಮಾತು ಕೇಳುವ ಸೌಜನ್ಯ ಮಾತ್ರ ಹಳ್ಳಿಗೆ ಇಲ್ಲ ಅನ್ನುವುದೇ ನಮ್ಮ ತಕರಾರು.

ಚಳ್ಳಕೆರೆ ದೂರ ಅಂತ ಬೆಂಗಳೂರಿನ ಪಡುವಣ ದಿಕ್ಕಿನವರು ಸುಮ್ಮನಿರಬೇಡಿ. ರಾಜಾಜಿನಗರದೊಳಗೆ ಕೇತಮಾರನಹಳ್ಳಿ ಇತ್ತು, ವಿಜಯನಗರದೊಳಗೆ ಮಾರೇನಹಳ್ಳಿ, ಬಸವೇಶ್ವರನಗರದೊಳಗೆ ಸಾಣೆಗುರುವನಹಳ್ಳಿ. ಇವತ್ತು ಹೆಸರಿನ ಕೊನೆಗೆ ಮಾತ್ರ ‘ಹಳ್ಳಿ’ ಉಳಿದಿದೆ. ಕೆಂಗೇರಿ, ಯಶವಂತಪುರ ಹೋಬಳಿಗಳ 12 ಗ್ರಾಮಗಳಲ್ಲಿ ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಬಿ.ಡಿ.ಎ. 2008ರಲ್ಲಿ ಮೊದಲ ಅಧಿಸೂಚನೆ, 2010ರಲ್ಲಿ ಅಂತಿಮ ಅಧಿಸೂಚನೆ ಹೊರಡಿಸಿತು. ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ. ಕೊಮ್ಮಘಟ್ಟ, ಸೂಲಿಕೆರೆ, ರಾಮಸಂದ್ರ, ಭೀಮನಕುಪ್ಪೆಯ ಹಿರಿಯರನ್ನು ಕೇಳಿ ನೋಡಿ. ಮೊದಲು ಬರುವುದು ಜೆ.ಸಿ.ಬಿ. ಅಲ್ಲ, ನಕ್ಷೆ. ಸರಪಳಿ ಹಿಡಿದವನು ಹೊಲಕ್ಕೆ ಕಾಲಿಟ್ಟ ದಿನವೇ ಅರ್ಧ ಜಮೀನು ಹೋದ ಹಾಗೆ. ಆಗ ಸರಪಳಿಯವನನ್ನು ಬದುವಿನ ಮೇಲೆ ನಿಲ್ಲಿಸಿ ‘ಯಾರಪ್ಪ ನೀನು, ಯಾರು ಕಳಿಸಿದರು’ ಅಂತಲಾದರೂ ಕೇಳಬಹುದಿತ್ತು. 1980ರ ದಶಕದಲ್ಲಿ ರೈತ ಸಂಘದವರು ಅನೇಕ ಹಳ್ಳಿಗಳ ಬಾಗಿಲಲ್ಲಿ ಫಲಕ ನೆಟ್ಟು, ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಗೆ ಬರಕೂಡದು ಅಂತ ತಡೆದಿದ್ದರು. ಡ್ರೋನಿಗೆ ಊರ ಬಾಗಿಲೇ ಬೇಕಿಲ್ಲ. ಫಲಕದ ಮೇಲೇ ಹಾರಿ ಬರುತ್ತದೆ.

ಈಗ ಸಾಲದ ಮಾತಿಗೆ ಬರೋಣ. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ‘ಸ್ವಾಮಿತ್ವ’ ಯೋಜನೆ ತಂದಿತು. ಡ್ರೋನ್ ಹಾರಿಸಿ ಊರೊಳಗಿನ ಮನೆ, ಹಿತ್ತಿಲು ಅಳೆದು ಆಸ್ತಿ ಕಾರ್ಡು ಕೊಡುವ ಯೋಜನೆ. ದಾಖಲೆಯೇ ಇಲ್ಲದ ಮನೆಗೆ ದಾಖಲೆ ಸಿಕ್ಕರೆ ಒಳ್ಳೆಯದೇ. ದಾಯಾದಿ ಜಗಳ ಕಡಿಮೆಯಾದೀತು. ಆದರೆ ಉದ್ದೇಶವೇನೆಂದು ಸರ್ಕಾರವೇ ಹೇಳಿಕೊಂಡಿದೆ: ಆ ಆಸ್ತಿಯ ಮೇಲೆ ಹಳ್ಳಿಯವರು ಬ್ಯಾಂಕಿನಲ್ಲಿ ಸಾಲ ಪಡೆಯಲಿ ಅಂತ! ಪಹಣಿ ಆಗಲೇ ಬ್ಯಾಂಕಿನ ಪೆಟ್ಟಿಗೆಯಲ್ಲಿದೆ. ಹೆಂಡತಿಯ ಒಡವೆ ಗಿರವಿ ಅಂಗಡಿಯಲ್ಲಿದೆ. ಉಳಿದದ್ದು ತಲೆಯ ಮೇಲಿನ ಸೂರು. ಅದನ್ನೂ ಅಳೆದು ಅಡಮಾನಕ್ಕೆ ತಕ್ಕ ಹಾಗೆ ಮಾಡಿಕೊಟ್ಟರೆ ಉಪಕಾರ ಆಗುತ್ತದೆಯೇ? ಬೆಳೆಗೆ ಬೆಲೆ ಕೊಡದೆ ಸಾಲಕ್ಕೆ ದಾರಿ ತೋರಿಸುವುದು, ಹಸಿದವನಿಗೆ ಊಟ ಹಾಕದೆ ಗಿರವಿ ಅಂಗಡಿಯ ವಿಳಾಸ ಕೊಟ್ಟ ಹಾಗೆ.

ಔಷಧಿ ಹೊಡೆಯುವ ಡ್ರೋನಿನ ಲೆಕ್ಕವನ್ನೂ ನೋಡಿ. ಬೆನ್ನಿಗೆ ಟ್ಯಾಂಕು ಹೊತ್ತು ವಿಷದ ಗಾಳಿ ಕುಡಿಯುವುದು ತಪ್ಪುತ್ತದೆ, ನೀರು ಕಡಿಮೆ ಸಾಕು, ಕೂಲಿ ಆಳು ಸಿಗದಾಗ ಕೆಲಸ ನಿಲ್ಲುವುದಿಲ್ಲ. ಇದೆಲ್ಲ ನಿಜ, ಇಲ್ಲ ಅನ್ನುವವನು ಮೂರ್ಖ. ಆದರೆ 2023ರ ನವೆಂಬರಿನಲ್ಲಿ ಒಪ್ಪಿದ ‘ಡ್ರೋನ್ ದೀದಿ’ ಯೋಜನೆ ಏನು ಹೇಳಿತು? 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್, 1,261 ಕೋಟಿ ರೂಪಾಯಿ, ಬೆಲೆಯ ಶೇಕಡ 80ರಷ್ಟು, ಹೆಚ್ಚೆಂದರೆ 8 ಲಕ್ಷದವರೆಗೆ ಸಹಾಯಧನ. ಉಳಿದದ್ದಕ್ಕೆ ಸಾಲ. ಸಂಘಕ್ಕೆ ವರ್ಷಕ್ಕೆ ಒಂದು ಲಕ್ಷವಾದರೂ ಆದಾಯ ಬರುತ್ತದೆ ಅಂತ ಆಸೆ. ಎಕರೆಗೆ 400 ರೂಪಾಯಿ ಬಾಡಿಗೆ ಅಂತಲೇ ಹಿಡಿಯಿರಿ. ಲಕ್ಷ ಕಾಣಲು 250 ಎಕರೆ ಹಾರಿಸಬೇಕು. ಅದೂ ಬ್ಯಾಟರಿ, ರಿಪೇರಿ, ವಿಮೆ, ಹಾರಿಸುವವರ ಸಂಬಳ, ಸಾಲದ ಕಂತು ಕಳೆಯುವ ಮೊದಲು. ಸಹಾಯಧನ ಸಂಘದ ಹೆಸರಿನಲ್ಲಿ ಬಂದು ಕಂಪನಿಯ ಗಲ್ಲಾ ಸೇರುತ್ತದೆ. ಕಂತು ಮಾತ್ರ ಹೆಣ್ಣುಮಕ್ಕಳ ಪುಸ್ತಕದಲ್ಲಿ ಉಳಿಯುತ್ತದೆ.

ಡ್ರೋನಿನ ಬೆನ್ನ ಮೇಲೆ ಏರಿ ಬರುವ ಬಾಟಲಿಯನ್ನೂ ಗಮನಿಸಿ. 2021ರಲ್ಲಿ ಇಫ್ಕೋ ನ್ಯಾನೋ ಯೂರಿಯಾ ತಂದಾಗ, ಅರ್ಧ ಲೀಟರ್ ಬಾಟಲಿ 45 ಕೆ.ಜಿ. ಮೂಟೆಗೆ ಸಮ ಅಂತ ಸಾರಿತು. ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಎರಡು ವರ್ಷ ಪ್ರಯೋಗ ಮಾಡಿ ನೋಡಿದಾಗ ಗೋಧಿ, ಭತ್ತ ಎರಡರಲ್ಲೂ ಇಳುವರಿ ಕುಸಿಯಿತು. ಕೈಯಿಂದ ಎರಚಿದರೂ ಡ್ರೋನಿನಿಂದ ಸುರಿದರೂ ಸಾರವಿಲ್ಲದ್ದು ಸಾರವಿಲ್ಲದ್ದೇ.

ಇನ್ನು ಪಕ್ಕದ ಹೊಲದ ಮಾತು. ಕೆಂಗೇರಿ ದಾಟಿದರೆ ಮಾಗಡಿ, ರಾಮನಗರ, ಕನಕಪುರ. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ನಾಡು. ಮೇಲಿನಿಂದ ಸುರಿದ ಸಣ್ಣ ಹನಿ ಗಾಳಿ ಬೀಸಿದ ಕಡೆಗೆ ಹೋಗುತ್ತದೆ, ಅದಕ್ಕೆ ಸರ್ವೆ ನಂಬರು ಗೊತ್ತಿಲ್ಲ. ಒಬ್ಬ ಟೊಮೆಟೊಗೆ ಹೊಡೆಸಿದ ಕೀಟನಾಶಕ ಇನ್ನೊಬ್ಬನ ಸೊಪ್ಪಿನ ಮೇಲೆ ಕೂತರೆ, ಹಣ್ಣಾಗುವ ಹೊತ್ತಿನ ಹುಳು ಚಂದ್ರಂಕಿಗೆ ಏರುವ ಮೊದಲೇ ಸಾಯುತ್ತದೆ. ಆ ನಷ್ಟ ಕಟ್ಟಿಕೊಡುವವರು ಯಾರು? 2021ರ ಡ್ರೋನ್ ನಿಯಮಗಳ ಪ್ರಕಾರ ಇಂಥ ಯಂತ್ರಕ್ಕೆ ನೋಂದಣಿ ಸಂಖ್ಯೆ ಇರಬೇಕು, ಹಾರಿಸುವವನಿಗೆ ಪ್ರಮಾಣಪತ್ರ ಇರಬೇಕು, ಮೂರನೆಯವರಿಗೆ ಆಗುವ ಹಾನಿಗೆ ವಿಮೆ ಇರಬೇಕು. ಬಾಡಿಗೆಗೆ ಬಂದವನಿಂದ ಈ ಮೂರನ್ನೂ ಕೇಳಿ ಪಡೆದು ನೋಡುವುದು ನಮ್ಮ ಹಕ್ಕು.

ಬೆಳೆವಿಮೆಯ ಕಥೆ ಇನ್ನೂ ನಾಜೂಕಿನದು. 2021ರಲ್ಲೇ ಭತ್ತ, ಗೋಧಿ ಬೆಳೆಯುವ 100 ಜಿಲ್ಲೆಗಳಲ್ಲಿ ಡ್ರೋನ್ ಚಿತ್ರದಿಂದ ಇಳುವರಿ ಅಂದಾಜು ಮಾಡಲು ಕೃಷಿ ಮಂತ್ರಾಲಯಕ್ಕೆ ಅನುಮತಿ ಸಿಕ್ಕಿತು. ನೆರೆ ಬಂದಾಗ ಮುಳುಗಿದ ಹೊಲವನ್ನು ಒಂದೇ ದಿನದಲ್ಲಿ ತೋರಿಸಬಲ್ಲ ಯಂತ್ರ ಇದು, ನಮಗೂ ಬೇಕಾದದ್ದೇ. ಆದರೆ ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ರಾಗಿಯ ಜಾಗಕ್ಕೆ ಬೇರೇನೋ ನಮೂದಾಗಿ, ಖರೀದಿ ಕೇಂದ್ರದಿಂದ ಗಾಡಿ ಹಿಂದಕ್ಕೆ ಹೊಡೆದುಕೊಂಡು ಬಂದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅನ್ನುವುದು ಗಾದೆ. ಈಗ ನೋಟ ಪರರದಾದರೆ ಊಟವೂ ಪರರ ಇಚ್ಛೆಗೇ ಬೀಳುತ್ತದೆ.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು ಇವು:

1. ಊರಿನ ಮೇಲೆ ಅಳತೆಯ ಡ್ರೋನ್ ಹಾರುವ ಮೊದಲು ಗ್ರಾಮಸಭೆಗೆ ತಿಳಿಸಬೇಕು. ತೆಗೆದ ನಕ್ಷೆಯ ಪ್ರತಿ ಪಂಚಾಯಿತಿಯಲ್ಲಿ ಎಲ್ಲರಿಗೂ ಕಾಣುವಂತೆ ಇರಬೇಕು.

2. ಡ್ರೋನ್ ಚಿತ್ರವೊಂದನ್ನೇ ನಂಬಿ ವಿಮೆ, ಪರಿಹಾರ, ಖರೀದಿ ನಿರಾಕರಿಸಕೂಡದು. ರೈತನ ಎದುರು ಹೊಲದಲ್ಲೇ ಪಂಚನಾಮೆ ಆಗಬೇಕು.

3. ಡ್ರೋನ್ ಬಾಡಿಗೆ ಕೇಂದ್ರ ನಮ್ಮ ಸಹಕಾರ ಸಂಘದಲ್ಲಿರಲಿ. ಬಾಡಿಗೆಯನ್ನು ಸಂಘದ ಸಾಮಾನ್ಯ ಸಭೆ ನಿರ್ಧರಿಸಲಿ. ಸ್ತ್ರೀಶಕ್ತಿ ಸಂಘಗಳ ತಲೆಗೆ ಯಂತ್ರದ ಸಾಲ ಕಟ್ಟಬಾರದು.

4. ಸಿಂಪಡಣೆಯ ಹಿಂದಿನ ದಿನ ಅಕ್ಕಪಕ್ಕದ ಹೊಲದವರಿಗೆ ಹೇಳಬೇಕು. ರೇಷ್ಮೆ, ಜೇನು ಹಾಳಾದರೆ ಹಾರಿಸಿದವನೇ ಕಟ್ಟಿಕೊಡಬೇಕು.

5. ಯಾವ ಗೊಬ್ಬರವನ್ನೂ ಡ್ರೋನಿಗೆ ತಗಲುಹಾಕಿ ಮಾರಕೂಡದು.

‘ಸ್ವಾಮಿತ್ವ’ದ ಅಳತೆ ನಿಮ್ಮೂರಿಗೆ ಬಂದರೆ, ಡ್ರೋನ್ ಏಳುವ ಮೊದಲು ಗಡಿಗೆ ಸುಣ್ಣದ ಗೆರೆ ಹಾಕುತ್ತಾರೆ. ಮೇಲೆ ಹೋದ ಯಂತ್ರ ನೋಡುವುದು ಆ ಗೆರೆಯನ್ನೇ. ಅವತ್ತು ಮದುವೆಯಿರಲಿ, ಸಂತೆಯಿರಲಿ, ಮನೆಯ ಯಜಮಾನ, ಯಜಮಾನಿ ಇಬ್ಬರೂ ಅಲ್ಲೇ ನಿಂತಿರಿ. ಗೆರೆ ತಪ್ಪಿದ್ದರೆ ಅಲ್ಲೇ ಅಳಿಸಿ, ಸರಿಯಾಗಿ ಹಾಕಿಸಿ. ಒಪ್ಪದಿದ್ದರೆ ಆಕ್ಷೇಪಣೆ ಬರೆದುಕೊಟ್ಟು ರಸೀದಿ ಪಡೆಯಿರಿ. ಮುಂದಿನ ಗ್ರಾಮಸಭೆಯಲ್ಲಿ ಮೇಲಿನ ಐದನ್ನೂ ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಪಿ.ಡಿ.ಓ. ಸಹಿ ಹಾಕಿಸಿಕೊಳ್ಳಿ. ಸಹಿ ಬೀಳುವ ತನಕ ಸಭೆ ಮುಗಿಯಿತು ಅಂತ ಏಳಬೇಡಿ.